ಹುಳು ಮನೆಯ ಬಾಗಿಲು

ಆ ವರ್ಷಗಳಲ್ಲಿ ಪ್ರತಿ ಗುರುವಾರ ನಾನು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ನನಗಾಗ ಇಪ್ಪತ್ತಾರು. ಸಮಾಜಕಾರ್ಯ ಓದಿ, ಗೌರಿಬಿದನೂರಿನ ನಮ್ಮ ಮನೆ ಬಿಟ್ಟು ಬಂದು, ಚಿಂತಾಮಣಿಯಲ್ಲಿ ಹೆಂಗಸರಿಗಾಗಿ ನಡೆಯುತ್ತಿದ್ದ ಒಂದು ಸಣ್ಣ ಸಲಹಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದೆ. ಮನೆಯೊಳಗಿನ ಹಿಂಸೆಯನ್ನು ತಡೆಯಲೆಂದು ಹೊಸ ಕಾನೂನು ಬಂದು ಹೆಚ್ಚು ದಿನವಾಗಿರಲಿಲ್ಲ. ಶಿಡ್ಲಘಟ್ಟದ ಒಂದು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೋಣೆಯ ಪಕ್ಕ ನಮಗೆ ಒಂದು ಮೇಜು, ಎರಡು ಕುರ್ಚಿ ಕೊಟ್ಟಿದ್ದರು. ಹೊಡೆತ ತಿಂದು ಬಂದ ಹೆಂಗಸರನ್ನು ಡ್ರೆಸ್ಸಿಂಗ್ ಆದ ಮೇಲೆ ಅಲ್ಲಿನ ಹಿರಿಯ ನರ್ಸು ನನ್ನ ಹತ್ತಿರ ಕಳಿಸುತ್ತಿದ್ದರು. ಅವರು ಇಪ್ಪತ್ತು ವರ್ಷ ಗಾಯ ನೋಡಿದವರು. ನಾನು ಪುಸ್ತಕ ನೋಡಿದವಳು.

ಒಂದು ಗುರುವಾರ ಅವರು ಬಾಗಿಲಲ್ಲೇ ನಿಂತು ನನ್ನನ್ನು ಹೊರಗೆ ಕರೆದರು. ಒಳಗೆ ಡ್ರೆಸ್ಸಿಂಗ್ ಮಾಡಿಸಿಕೊಂಡು ಕೂತಿದ್ದ ಹೆಂಗಸಿನ ಬಲಗೈ ಸುಟ್ಟಿತ್ತು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರ್‌ಗಳಲ್ಲಿ ಕೈ ಸುಟ್ಟುಕೊಳ್ಳುವುದು ಆ ಊರಲ್ಲಿ ದಿನದ ಮಾತು. ಆದರೆ ನರ್ಸು ಹೇಳಿದರು: "ಇವಳು ನೂಲು ತೆಗೆಯೋಳಲ್ಲ ಕಣಮ್ಮ. ಹುಳು ಸಾಕೋ ಮನೆಯವಳು. ಹುಳ ಸಾಕೋದಕ್ಕೆ ಯಾರಮ್ಮ ನೀರು ಕುದಿಸ್ತಾರೆ? ಅದೂ ಅಲ್ದೆ ಆ ಗೆರೆ ನೋಡು. ನೀರು ಚೆಲ್ಲಿದ್ರೆ ಎಲ್ಲೆಂದರಲ್ಲಿ ಸುಡುತ್ತೆ. ಇದು ಬಳೆ ಹಾಕೋ ಜಾಗದ ತನಕ ಒಂದೇ ಸಮ ಇದೆ."

ಅವಳಿಗೆ ಮೂವತ್ತು ಇನ್ನೂ ಆಗಿರಲಿಲ್ಲ. ಜೊತೆಯಲ್ಲಿ ಎಂಟು ವರ್ಷದ ಮಗಳು, ಅಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಸಾದಲಿ ಕಡೆಯ ಹಳ್ಳಿಯವರು. ನಾನು ನಮ್ಮ ಕೇಂದ್ರದ ನಾಲ್ಕು ಪುಟದ ಫಾರಂ ತೆಗೆದು ಒಂದೊಂದೇ ಪ್ರಶ್ನೆ ಕೇಳಿದೆ. ಗಂಡ ಕುಡಿಯುತ್ತಾನೆಯೇ? ಇಲ್ಲ, ಬೀಡಿ ಸಹ ಸೇದುವುದಿಲ್ಲ. ಹೊಡೆಯುತ್ತಾನೆಯೇ?

"ಹೊಡೆಯಲ್ಲ ಮೇಡಂ. ಒಂದು ತಟ್ಟೆ ಹುಳ ಸತ್ತೋದ್ವು. ನಾನು ಕೈ ಸರಿಯಾಗಿ ತೊಳೆದಿಲ್ಲ ಅಂದ್ರು. ಒಲೆ ಮೇಲೆ ನೀರಿಟ್ರು. ಕೈ ಅದ್ದು ಅಂದ್ರು." ಆಮೇಲೆ ಬೇರೆ ಯಾರದೋ ವಿಷಯ ಹೇಳುವಂತೆ ಸೇರಿಸಿದಳು: "ಅದ್ದಿದೆ."

ನನ್ನ ಫಾರಂನಲ್ಲಿ 'ಹೌದು', 'ಇಲ್ಲ' ಎಂದು ಎರಡೇ ಚೌಕಗಳಿದ್ದವು. ಪೆನ್ನು ಹಿಡಿದು ಕೂತೆ. ಒಬ್ಬ ಮನುಷ್ಯ ಬಾಯಲ್ಲಿ ಹೇಳಿದ್ದಕ್ಕೆ ಇನ್ನೊಬ್ಬಳು ಕುದಿಯುವ ನೀರಿಗೆ ತನ್ನ ಕೈಯನ್ನು ತಾನೇ ಇಳಿಸಬೇಕಾದರೆ, ಅದಕ್ಕಿಂತ ಮೊದಲು ಆ ಮನೆಯಲ್ಲಿ ಇನ್ನೇನು ನಡೆದಿರಬೇಕು?

ಮುಂದಿನ ಪ್ರಶ್ನೆ ಅತ್ತೆಯದು. ಅತ್ತೆ ಕಿರುಕುಳ ಕೊಡುತ್ತಾರೆಯೇ ಎಂದೆ. ಅವಳು ಉತ್ತರ ಹೇಳುವ ಮೊದಲು ಮಗು ಹೇಳಿತು: "ಅಜ್ಜಿ ಬಾಗಿಲು ತೆಗೀತಾಳೆ." ಏನು ಬಾಗಿಲು, ಯಾವಾಗ ಎಂದು ನಾನು ಕೇಳಲಿಲ್ಲ. ಅವರು ಬಸ್ಸಿಗೆ ಹೊತ್ತಾಯಿತು ಎಂದು ಆತುರಪಡುತ್ತಿದ್ದರು. ಅತ್ತೆ ಎಂದರೆ ಹೀಗೇ ಇರುತ್ತಾಳೆ ಎಂದು ನನ್ನ ತಲೆಯಲ್ಲಿ ಮೊದಲೇ ಬರೆದಿತ್ತು. 'ಹೌದು' ಚೌಕಕ್ಕೆ ಗುರುತು ಹಾಕಿದೆ. ಹೊರಡುವಾಗ ಅವಳು, ಮುಂದಿನ ಗುರುವಾರ ಡ್ರೆಸ್ಸಿಂಗ್‌ಗೆ ಬರ್ತೀನಿ, ಅಲ್ಲಿವರೆಗೆ ಯಾರಿಗೂ ಹೇಳಬೇಡಿ ಎಂದಳು. ಹೇಳಲ್ಲ ಎಂದೆ.

ಹಾಗೆ ಹೇಳಿದವಳೇ ಮರುದಿನ ಕೇಂದ್ರದಲ್ಲಿ ಕೂತು ಅವಳ ಗಂಡನಿಗೆ ಕಾರ್ಡು ಬರೆದೆ. ಅದು ನಮ್ಮಲ್ಲಿ ರೂಢಿ. ಫಾರಂ ತುಂಬಿದ ಮೇಲೆ ಎದುರು ಪಕ್ಷದವರನ್ನು ಕರೆಸಿ, ಇಬ್ಬರನ್ನೂ ಕೂಡಿಸಿ ಮಾತಾಡಿಸುವುದು. ನಮ್ಮ ಮೇಲಿನವರು, ಕಾರ್ಡು ಹೋಯಿತೇ ಎಂದು ಕೇಳಿದರು. ನನಗೆ ಅವಳ ಮಾತು ನೆನಪಿರಲಿಲ್ಲವೆಂದಲ್ಲ. ಇತ್ತು. ಆದರೂ ರೂಢಿಯ ಎದುರು ಬಾಯಿ ತೆರೆಯಲು ಸಂಕೋಚವಾಯಿತು. 'ನೀವು ಹಾಗೂ ನಿಮ್ಮ ತಾಯಿಯವರು ಕಿರುಕುಳ ನೀಡುತ್ತಿರುವುದಾಗಿ ನಿಮ್ಮ ಪತ್ನಿಯವರು ತಿಳಿಸಿರುತ್ತಾರೆ' ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಅಂಚೆ ಡಬ್ಬಕ್ಕೆ ಹಾಕಿದೆ.

ಮುಂದಿನ ಗುರುವಾರ ಅವಳು ಬರಲಿಲ್ಲ. ಗಂಡ ಬಂದ.

ಬಿಳಿ ಶರ್ಟು, ಬಾಚಿದ ತಲೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೇ ಎಂದು ಕೇಳಿ, ಕುರ್ಚಿಯ ತುದಿಯಲ್ಲಿ ಕೂತ. ಜೇಬಿನಿಂದ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟ.

"ಅಕ್ಷರ ಚೆನ್ನಾಗಿದೆ ಮೇಡಂ. ನೀವೇ ಬರೆದಿದ್ದಾ?"

ಹೌದೆಂದೆ. ಅವನು ಧ್ವನಿ ಏರಿಸದೆ ಮಾತಾಡಿದ. ಹುಳು ಸಾಕುವುದೆಂದರೆ ಶಿಸ್ತು, ಒಂದು ಕೊಳಕು ಕೈ ಸಾಕು, ಇಡೀ ಬೆಳೆ ಹೋಗುತ್ತೆ ಎಂದ. ತಾನು ಯಾರ ಮೇಲೂ ಕೈ ಎತ್ತಿದವನಲ್ಲ, ಬೇಕಾದರೆ ಊರಲ್ಲಿ ಕೇಳಿ ಎಂದ. ಊರ ಶಾಲೆಯ ಸಮಿತಿಯಲ್ಲಿ ತಾನಿರುವುದನ್ನೂ ಹೇಳಿದ. ನಾನು ಕಲಿತದ್ದನ್ನೆಲ್ಲ ನೆನಪಿಸಿಕೊಂಡು, ನಿಮ್ಮ ಹೆಂಡತಿ ಹೇಗಿದ್ದಾರೆ, ಕೈ ವಾಸಿಯಾಗಿಲ್ಲವಲ್ಲ ಎಂದು ಕೇಳಿದೆ.

"ಅವಳಿನ್ನು ಬರಲ್ಲ ಮೇಡಂ. ಗುಣ ಆಯ್ತು." ಎದ್ದು ನಿಂತು ಕಾರ್ಡನ್ನು ಮತ್ತೆ ಜೇಬಿಗೆ ಇಟ್ಟುಕೊಂಡ. "ನಿಮ್ದು ಗೌರಿಬಿದನೂರಲ್ವಾ? ಇಲ್ಲಿಂದ ನಾಲ್ಕೂವರೆ ಬಸ್ಸಿಗೆ ಚಿಂತಾಮಣಿಗೆ ಹೋಗ್ತೀರ. ಒಬ್ಬರೇ ಓಡಾಡ್ತೀರ. ಹುಷಾರು."

ಆ ದಿನ ನಾಲ್ಕೂವರೆ ಬಸ್ಸು ಹತ್ತಲಿಲ್ಲ. ನರ್ಸಿನ ಮನೆಯಲ್ಲಿ ಕೂತಿದ್ದು ಬೇರೆ ಬಸ್ಸಿಗೆ ಹೋದೆ. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆಂದು ನೋಡುವ ಧೈರ್ಯ ಬರಲಿಲ್ಲ. ನೋಡದೆ ಇರಲೂ ಆಗಲಿಲ್ಲ. ಅಂದಿನಿಂದ ರೂಮಿನ ಬೀಗವನ್ನು ಎರಡೆರಡು ಸಲ ಎಳೆದು ನೋಡುವುದು ಅಭ್ಯಾಸವಾಯಿತು. ನನ್ನ ಹೆದರಿಕೆಯ ಕೆಳಗೆ ಇನ್ನೊಂದು ಹೆದರಿಕೆ ಇತ್ತು. ಕಾರ್ಡು ಓದಿದ ದಿನ ಆ ಮನೆಯಲ್ಲಿ ಏನಾಯಿತು?

ಮೇಲಿನವರು, ಹೆಂಗಸು ತಾನಾಗಿ ಕೇಳದೆ ನಾವು ಮನೆಗೆ ನುಗ್ಗಿದರೆ ಕಷ್ಟ ಅವಳಿಗೇ, ಕಾಯಿರಿ ಎಂದರು. ಅದರಲ್ಲಿ ನಿಜವೂ ಇತ್ತು. ನರ್ಸು ಆ ಹಳ್ಳಿಗೆ ಹೋಗುವ ಆರೋಗ್ಯ ಕಾರ್ಯಕರ್ತೆಯನ್ನು ವಿಚಾರಿಸಿದರು. ಬದುಕಿದ್ದಾಳೆ, ಸೊಪ್ಪು ಕೊಯ್ಯುತ್ತಿದ್ದಾಳೆ, ಮಾತಾಡುವುದಿಲ್ಲ ಎಂದು ಸುದ್ದಿ ಬಂತು. ಎರಡು ಮೂರು ವಾರದ ಮೇಲೆ ನರ್ಸೇ ಲೆಕ್ಕ ಹಾಕಿ ಹೇಳಿದರು. ಅವರ ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದಿವೆಯಂತೆ, ಇನ್ನು ಹತ್ತು ಹನ್ನೆರಡು ದಿನಕ್ಕೆ ಗೂಡು ಬಿಡಿಸುತ್ತಾರೆ, ಗೂಡು ಮಾರಲು ಅವನು ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಬಂದರೆ ಮಧ್ಯಾಹ್ನದ ತನಕ ಹೊರಡುವಂತಿಲ್ಲ. ಅವತ್ತು ಹೋಗಣ ಎಂದರು. ಈ ಸಲ ನಾನು ಯಾರನ್ನೂ ಕೇಳಲಿಲ್ಲ.

ಆ ದಿನ ನಾವಿಬ್ಬರು ಬಸ್ಸಿಳಿದು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದೆವು. ಕೊಯ್ದು ಬೋಳಾದ ಕಡ್ಡಿಗಳ ನಡುವೆ ಅಡಗಿಕೊಳ್ಳಲು ಜಾಗವೇ ಇರಲಿಲ್ಲ. ನಾಲ್ಕು ದಿಕ್ಕಿನಿಂದಲೂ ನಾವು ಕಾಣುತ್ತಿದ್ದೆವು. ನನ್ನ ಬೆನ್ನು ಬೆವತು ರವಿಕೆ ಅಂಟಿಕೊಂಡಿತ್ತು.

ಹೊಸ್ತಿಲಲ್ಲಿ ಒಬ್ಬ ಮುದುಕಿ ಕೂತಿದ್ದಳು. ಅದೇ ಅತ್ತೆ ಎಂದು ಗೊತ್ತಾಗಿ ನನ್ನ ಕಾಲು ನಿಂತಿತು. ಅವಳು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಕೆಮ್ಮಿ, ಹರಿದ ದನಿಯಲ್ಲಿ ಕೇಳಿದಳು.

"ಕಾಗದ ಬರೆದೋಳು ನೀನೇನಾ?"

ನಾನು ತಲೆಯಾಡಿಸಿದೆ. ಬೈಯುತ್ತಾಳೆ, ಕೂಗಿ ಜನ ಸೇರಿಸುತ್ತಾಳೆ ಎಂದುಕೊಂಡೆ. ಅವಳು ಗೋಡೆ ಹಿಡಿದು ಎದ್ದು, ಬನ್ನಿ ಎಂದು ಹಿತ್ತಲಿಗೆ ನಡೆದಳು. ಅಲ್ಲಿ ಹುಳು ಮನೆ. ಒಂದು ಬಾಗಿಲು, ಎತ್ತರದಲ್ಲಿ ಬಲೆ ಹೊಡೆದ ಎರಡು ಕಿಟಕಿ. ಸೊಸೆ ಅದರ ಮುಂದೆ ಕೂತು ಗೂಡು ಬಿಡಿಸಿದ ಬಿದಿರಿನ ಚಂದ್ರಿಕೆ ತಟ್ಟೆಗಳನ್ನು ಎಡಗೈಯಲ್ಲಿ ಉಜ್ಜುತ್ತಿದ್ದಳು. ನನ್ನನ್ನು ಕಂಡು ಅವಳು ಏಳಲಿಲ್ಲ. ಮೊದಲು ದಾರಿಯ ಕಡೆ ನೋಡಿದಳು. ಕಣ್ಣಿನ ಬಿಳಿ ಭಾಗ ಕೆಂಪಾಗಿತ್ತು.

ನಡೆದದ್ದನ್ನು ಹೇಳಿದವಳು ಮುದುಕಿ. ಅರ್ಧ ಕನ್ನಡ, ಅರ್ಧ ತೆಲುಗು. ಒಂದು ಬೆಳೆ ಮುಗಿದು ಇನ್ನೊಂದು ಹುಳ ತರುವ ಮೊದಲು ಹುಳು ಮನೆಗೆ ರೋಗಾಣು ಕೊಲ್ಲುವ ಔಷಧಿ ಹೊಡೆದು ಬಾಗಿಲು ಮುಚ್ಚುವುದು ಎಲ್ಲರ ಮನೆಯಲ್ಲೂ ಇದೆ. ಆ ಗಾಳಿಗೆ ಕಣ್ಣು ಬಿಡಲಾಗುವುದಿಲ್ಲ, ಉಸಿರು ಎಳೆದರೆ ಗಂಟಲು ಸುಡುತ್ತದೆ. ಸೊಸೆಯದು ಏನಾದರೂ ತಪ್ಪು ಎನಿಸಿದರೆ ಮಗ ಅವಳನ್ನು ಅದರೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದ. ಅವನು ಅತ್ತ ಹೋದ ಮೇಲೆ ತೆಗೆಯುತ್ತಿದ್ದವಳು ತಾಯಿ. ಆಸ್ಪತ್ರೆಯಲ್ಲಿ ಮಗು ನನಗೆ ಹೇಳಿದ್ದು ಆ ಬಾಗಿಲು.

ನನ್ನ ಕಾರ್ಡು ಬಂದದ್ದು ಔಷಧಿ ಹೊಡೆದ ದಿನ. ಮಗ ಅದನ್ನು ಅಂಗಳದಲ್ಲಿ ನಿಂತು ಇಬ್ಬರಿಗೂ ಓದಿ ಹೇಳಿದನಂತೆ. ನೋಡಮ್ಮ, ನಿನ್ನ ಹೆಸರೂ ಬರೆಸಿದ್ದಾಳೆ, ಈಗ ನೀನೇ ಹೇಳು ಏನು ಮಾಡಬೇಕು ಎಂದನಂತೆ. ತಾಯಿ, ಬಿಟ್ಟುಬಿಡು ಎಂದಳು. ಹಾಗಾದರೆ ಇಬ್ಬರೂ ಒಂದೇ ಎಂದು ಇಬ್ಬರನ್ನೂ ಒಳಗೆ ಕಳಿಸಿ ಬೀಗ ಹಾಕಿದ. ಈ ಸಲ ಚಿಲಕ ತೆಗೆಯಲು ಹೊರಗೆ ಉಳಿದಿದ್ದವಳು ಮಗು ಒಬ್ಬಳೇ. ಬೀಗದ ಕೈ ಅಪ್ಪನ ಜೇಬಿನಲ್ಲಿತ್ತು. ಅವನು ಜಗಲಿಯ ಮೇಲೆ ಕೂತು ಪೇಪರ್ ಓದಿದ. ಒಳಗಿದ್ದವರು ಒದ್ದೆ ಸೆರಗನ್ನು ಮುಖಕ್ಕೆ ಕಟ್ಟಿಕೊಂಡು ಬಾಗಿಲ ಕೆಳಗಿನ ಸಂದಿಗೆ ಮೂಗಿಟ್ಟು, ಅವನಾಗಿ ಬೀಗ ತೆಗೆಯುವ ತನಕ ನೆಲದ ಮೇಲೆ ಮಲಗಿದ್ದರು.

"ನಾನು ಸೊಸೇನ ಹಿಂಸೆ ಮಾಡ್ತೀನಿ ಅಂತ ಬರ್ದಿದ್ದೆಯಲ್ಲ ನೀನು," ಎಂದಳು ಮುದುಕಿ. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನನ್ನ ಒಂದು ಮಾತು ಕೇಳಿದ್ಯೇನಮ್ಮ?"

ತಪ್ಪಾಯಿತು ಎಂದೆ. ಅದು ತುಂಬ ಸಣ್ಣ ಮಾತಾಗಿ ಕೇಳಿಸಿತು. ನರ್ಸು ಇಬ್ಬರ ಬೆನ್ನಿಗೂ ಸ್ಟೆತಸ್ಕೋಪ್ ಇಟ್ಟು ಉಸಿರು ಕೇಳಿದರು, ಮುಖ ಬಿಗಿ ಮಾಡಿಕೊಂಡರು. ನಿಮಗೇನು ಬೇಕು ಎಂದು ಆಗ ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಒಳಗೆ ಹೋಗಿ ರೇಷನ್ ಕಾರ್ಡು, ಮಗುವಿನ ಶಾಲೆಯ ಕಾಗದ, ಎರಡು ಸೀರೆ ಒಂದು ಚೀಲಕ್ಕೆ ಹಾಕಿಕೊಂಡು ಬಂದಳು. ಅವು ಮೊದಲೇ ಒಂದು ಕಡೆ ಮಡಿಸಿಟ್ಟಿದ್ದವು. ಹೋಗುವಾಗ ಶಾಲೆಯಿಂದ ಮಗುವನ್ನು ಕರೆದುಕೊಂಡೆವು.

ಬಸ್ ಸ್ಟಾಪಿನಲ್ಲಿ ಒಂದು ಟೀ ಅಂಗಡಿ, ನಾಲ್ಕೈದು ಜನ. ನಾವು ಐದು ಜನ ಒಂದು ಕಡೆ ನಿಂತೆವು. ಚಿಂತಾಮಣಿ ಕಡೆಯ ಬಸ್ಸು ದೂರದಲ್ಲಿ ಧೂಳೆಬ್ಬಿಸುತ್ತ ಕಂಡಿತು. ಅಷ್ಟರಲ್ಲಿ ಎದುರಿನಿಂದ ಶಿಡ್ಲಘಟ್ಟದ ಬಸ್ಸು ಬಂದು ನಿಂತಿತು. ಅದರಿಂದ ಅವನು ಇಳಿದ. ಕಂಕುಳಲ್ಲಿ ಖಾಲಿ ಚೀಲಗಳ ಮಡಿಕೆ. ಗೂಡು ಬೇಗ ಹರಾಜಾಗಿತ್ತೋ ಏನೋ.

ರಸ್ತೆ ದಾಟಿ ನಿಧಾನವಾಗಿ ಬಂದ. ಟೀ ಅಂಗಡಿಯವರು ಅವನಿಗೆ ನಮಸ್ಕಾರ ಹಾಕಿದರು, ಅವನೂ ಹಾಕಿದ. ಎಲ್ಲಿಗಮ್ಮ ಎಂದು ತಾಯಿಯನ್ನು ಕೇಳಿದ. ಎದೆನೋವು, ಆಸ್ಪತ್ರೆಗೆ ಎಂದಳು ಅವಳು. ಅವನು ನನ್ನ ಕಡೆ ತಿರುಗಿದ.

"ಯಾಕೆ ಮೇಡಂ, ನಡುಗ್ತಿದೀರ?"

ನಿಜವಾಗಿ ನಡುಗುತ್ತಿದ್ದೆ. ಕಾನೂನಿನ ಕಲಮುಗಳೆಲ್ಲ ಬಾಯಿಪಾಠವಾಗಿದ್ದವು, ಒಂದೂ ನೆನಪಿಗೆ ಬರಲಿಲ್ಲ. ನಮ್ಮ ಬಸ್ಸು ಬಂದು ನಿಂತಿತು. ನರ್ಸು ಸೊಸೆಯನ್ನು ತಳ್ಳಿ ಹತ್ತಿಸಿದರು. ಆಗ ಅವನು ಬಗ್ಗಿ ಮಗುವಿನ ಮಣಿಕಟ್ಟು ಹಿಡಿದುಕೊಂಡ. ನಾಳೆ ಸ್ಕೂಲಿದೆ, ಇವಳು ಇಲ್ಲಿರಲಿ ಎಂದ. ಮಗು ಅಳಲಿಲ್ಲ. ಉಸಿರು ಹಿಡಿದುಕೊಂಡು ನಿಂತಿತು. ಬಸ್ಸಿನ ಮೆಟ್ಟಿಲ ಮೇಲಿದ್ದ ಸೊಸೆ ಇಳಿಯಲು ಕಾಲು ಮುಂದಿಟ್ಟಳು. ಇಳಿದರೆ ಎಲ್ಲ ಮುಗಿಯಿತು ಎಂದು ನನಗೆ ಗೊತ್ತಿತ್ತು. ಆದರೂ ನಾನು ಕೈ ಚಾಚಲಿಲ್ಲ.

ಮುದುಕಿ ಮಗನ ಹತ್ತಿರ ಹೋಗಿ ಅವನ ಕಿವಿಗೆ ಬಾಯಿಟ್ಟು ತೆಲುಗಿನಲ್ಲಿ ಏನೋ ಹೇಳಿದಳು. ನನಗೆ ಕೇಳಿಸಿದ್ದು ಕೊನೆಯ ಅರ್ಧ ಮಾತ್ರ. ಬಿಡು, ಇಲ್ಲದಿದ್ದರೆ ಹುಳು ಮನೆಯ ವಿಷಯ ಈ ಟೀ ಅಂಗಡಿಯ ಮುಂದೆಯೇ ಹೇಳುತ್ತೇನೆ ಎಂದಳು. ಅವನು ಅಂಗಡಿಯ ಕಡೆ ನೋಡಿದ. ಜನ ಟೀ ಕುಡಿಯುತ್ತ ನಮ್ಮನ್ನೇ ನೋಡುತ್ತಿದ್ದರು. ಅವನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಮ್ಮನ್ನ ಹುಷಾರಾಗಿ ನೋಡ್ಕೊಳ್ಳಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಚೀಲಗಳನ್ನು ಸರಿಮಾಡಿಕೊಂಡು ಹೊರಟುಹೋದ. ಬಸ್ಸಿನಲ್ಲಿ ಕೂತ ಮೇಲೆ ಮುದುಕಿಗೆ ಹಲ್ಲು ಕಟಕಟಿಸಲು ಶುರುವಾಗಿ, ಚಿಂತಾಮಣಿ ಬರುವ ತನಕ ನಿಲ್ಲಲಿಲ್ಲ.

ಚಿಂತಾಮಣಿಯಲ್ಲಿ ಅವರಿಗೆ ಒಂದು ಕೋಣೆ ಸಿಕ್ಕಿತು. ಸಂರಕ್ಷಣಾಧಿಕಾರಿಯ ಮೂಲಕ ಕೋರ್ಟಿಗೆ ಅರ್ಜಿ ಹೋಗಿ, ಅವನು ಹೆಂಡತಿಯ ಹತ್ತಿರ ಸುಳಿಯಬಾರದೆಂದು ಕೆಲವು ತಿಂಗಳಲ್ಲಿ ಆದೇಶ ಬಂತು. ಅಷ್ಟು ದಿನವೂ ಅವನು ವಾರಕ್ಕೊಮ್ಮೆ ನಮ್ಮ ಕೇಂದ್ರದ ಎದುರಿನ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ. ಸುಮ್ಮನೆ ಪೇಪರ್ ಓದುತ್ತಿದ್ದ. ಅವನು ಇರುವ ದಿನ ನಾನು ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುತ್ತಿದ್ದೆ.

ಚಿಕಿತ್ಸೆ ಎಂದು ನಾವು ಕರೆದದ್ದು ಬಹಳ ಸಣ್ಣ ಸಣ್ಣ ಕೆಲಸಗಳನ್ನು. ಆ ಕೋಣೆಯಲ್ಲಿ ಮೂವರಿಗೂ ನಿದ್ದೆ ಬರುತ್ತಿರಲಿಲ್ಲ. ಆಚಾರಿಯನ್ನು ಕರೆಸಿ ಬಾಗಿಲ ಹೊರಗಿನ ಚಿಲಕ ಕಿತ್ತುಹಾಕಿಸಿ, ಒಳಗಿನಿಂದ ಮಾತ್ರ ಹಾಕುವ ಅಗುಳಿ ಇಡಿಸಿದೆವು. ಹಗಲೆಲ್ಲ ಮೂವರೂ ಸರದಿಯ ಮೇಲೆ ಅದನ್ನು ಹಾಕಿ ತೆಗೆದು ನೋಡುತ್ತಿದ್ದರು. ಮಗು ಯಾವ ಕೋಣೆಗೆ ಹೋಗಬೇಕಾದರೂ ಹೊಸ್ತಿಲಲ್ಲಿ ನಿಂತು ಮೂಗಿನಿಂದ ಎಳೆದು ನೋಡುತ್ತಿತ್ತು. ಹೊಸ ಶಾಲೆಯ ಕಕ್ಕಸಿಗೆ ಬ್ಲೀಚಿಂಗ್ ಪುಡಿ ಹಾಕುತ್ತಿದ್ದರು. ಹುಳು ಮನೆಯ ಔಷಧಿಯಂಥ ಆ ವಾಸನೆಗೆ ಅವಳು ಒಳಗೆ ಹೋಗದೆ ತರಗತಿಯಲ್ಲೇ ಒದ್ದೆ ಮಾಡಿಕೊಂಡು ನಗೆಗೀಡಾದಳು. ನಾನು ಮುಖ್ಯೋಪಾಧ್ಯಾಯಿನಿಯ ಹತ್ತಿರ ಮಾತಾಡಿ, ಮೊದಲ ದಿನ ಕಕ್ಕಸಿನ ಬಾಗಿಲ ಹತ್ತು ಹೆಜ್ಜೆ ಆಚೆ ಅವಳ ಜೊತೆ ನಿಂತೆ. ಮರುದಿನ ಒಂಬತ್ತು ಹೆಜ್ಜೆ. ಬಾಗಿಲು ಮುಟ್ಟಲು ಮೂರು ವಾರ ಹಿಡಿಯಿತು. ಒಳಗೆ ಹೋದ ದಿನ ಅವಳು, ಅಕ್ಕ, ನೀವು ಇಲ್ಲೇ ಇರ್ತೀರಲ್ವಾ ಎಂದು ಒಳಗಿನಿಂದ ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಇದ್ದೀನಿ ಎಂದೆ. ಆ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದೆ ಎಂದು ಗಟ್ಟಿಯಾಗಿ ಹೇಳಬಲ್ಲದ್ದು ಅದೊಂದು.

ಸೊಸೆಗೆ ಒಂದು ಹಾಸ್ಟೆಲಿನ ಅಡುಗೆ ಮನೆಯಲ್ಲಿ ಕೆಲಸ ಸಿಕ್ಕಿತು. ಬಲಗೈಯ ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ. ಅನ್ನದ ಹಂಡೆಯ ಹತ್ತಿರ ಮಾತ್ರ ತನ್ನನ್ನು ನಿಲ್ಲಿಸಬೇಡಿ ಎಂದು ಕೇಳಿಕೊಂಡಳು, ಅವರು ಒಪ್ಪಿದರು. ಕಾರ್ಡು ಬರೆಯುವ ರೂಢಿಯನ್ನು ನಮ್ಮ ಕೇಂದ್ರ ನಿಲ್ಲಿಸಿತು.

ಒಂದು ವರ್ಷ ಕಳೆದ ಮೇಲೆ ಮುದುಕಿ ಊರಿಗೆ ವಾಪಸು ಹೋಗುತ್ತೇನೆಂದಳು. ನಾನು, ನರ್ಸು, ಸೊಸೆ ಎಷ್ಟು ಹೇಳಿದರೂ ಕೇಳಲಿಲ್ಲ. "ಇವರಿಬ್ಬರು ದಡ ಸೇರ್ಕೊಂಡ್ರು. ಅವನಿಗೆ ಯಾರಿದ್ದಾರಮ್ಮ? ಹೆತ್ತಿದೀನಲ್ಲ," ಎಂದಳು. ತಡೆಯುವ ಹಕ್ಕು ನನಗಿರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಪ್ರತಿ ಸೋಮವಾರ ಹತ್ತು ಗಂಟೆಗೆ ಅವಳು ಬಸ್ ಸ್ಟಾಪಿನ ಕಾಯಿನ್ ಬಾಕ್ಸಿನಿಂದ ನಮ್ಮ ಕೇಂದ್ರಕ್ಕೆ ಫೋನ್ ಮಾಡಬೇಕು. ಅಂಕಿಗಳನ್ನು ಬಾಯಿಪಾಠ ಮಾಡಿಸಿದೆ. ಸೋಮವಾರ ಬೆಳಿಗ್ಗೆ ಎಂಟಕ್ಕೇ ನಾನು ಫೋನಿನ ಹತ್ತಿರ ಇರುತ್ತಿದ್ದೆ. ಅದು ಹೊಡೆದುಕೊಂಡರೆ, "ಇದ್ದೀನಿ ಕಣಮ್ಮ," ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ಹತ್ತು ದಾಟಿ ಐದು ನಿಮಿಷವಾದರೆ ರಿಸೀವರ್ ಎತ್ತಿ ಲೈನ್ ಇದೆಯೇ ಎಂದು ನೋಡುತ್ತಿದ್ದೆ.

ಒಂದು ಸೋಮವಾರ ಫೋನ್ ಬರಲಿಲ್ಲ. ಹನ್ನೊಂದರ ತನಕ ಕಾದು ಬಸ್ಸು ಹತ್ತಿದೆ. ಮುದುಕಿ ಜಗಲಿಯ ಮೇಲೆ ಕೂತು ಹುಣಿಸೆಹಣ್ಣು ಬಿಡಿಸುತ್ತಿದ್ದಳು. ಕಾಯಿನ್ ಬಾಕ್ಸು ಕೆಟ್ಟಿತ್ತಂತೆ. ನಾನು ಉಸಿರು ಬಿಡುವಷ್ಟರಲ್ಲಿ ಮಗ ಒಳಗಿನಿಂದ ಬಂದ. ಬನ್ನಿ ಮೇಡಂ, ಕೂತ್ಕೊಳ್ಳಿ ಎಂದು ಒಂದು ಲೋಟ ಮಜ್ಜಿಗೆ ತಂದು ನನ್ನ ಪಕ್ಕ ಇಟ್ಟ. ಲೋಟ ಎತ್ತಿಕೊಂಡೆ. ತುಟಿಯ ತನಕ ಒಯ್ಯಲಾಗಲಿಲ್ಲ. ಅವನು ನಿಂತು ನೋಡುತ್ತಿದ್ದ. ಮುದುಕಿ ಹುಣಿಸೆಯ ಕೈ ಸೀರೆಗೆ ಒರೆಸಿಕೊಂಡು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಯಾರಿಕೆ ಎಂದು ತಾನೇ ಗಟಗಟ ಕುಡಿದಳು. ಆಮೇಲೆ, ಹೋಗು, ಬಸ್ಸು ತಪ್ಪುತ್ತೆ ಎಂದಳು.

ಎರಡು ವರ್ಷದ ಮೇಲೆ ಅವಳು ಕಾಯಿಲೆಯಾಗಿ ತೀರಿಕೊಂಡಳು. ಎದೆಯ ಕಾಯಿಲೆ. ಅದರಲ್ಲಿ ಆ ಔಷಧಿಯ ಪಾಲೆಷ್ಟು ಎಂದು ನರ್ಸನ್ನು ಕೇಳಿದಾಗ ಅವರು ಸ್ಟೆತಸ್ಕೋಪ್ ಮಡಚಿ ಚೀಲಕ್ಕೆ ಹಾಕಿಕೊಂಡರು. ಸೊಸೆ ಮಗಳನ್ನು ಕರೆದುಕೊಂಡು ಮಣ್ಣಿಗೆ ಹೋಗಲೇಬೇಕು ಎಂದಳು. ನಾನು ಜೊತೆಗೆ ಬರುತ್ತೇನೆಂದೆ. ಬೇಡ, ನೀವು ಬಂದರೆ ಹೆದರ್ಕೊಳ್ತೀರ, ನಿಮ್ಮನ್ನ ನೋಡಿ ನಾನೂ ಹೆದರ್ಕೊಳ್ತೀನಿ ಎಂದು ನಕ್ಕಳು. ಅವಳು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

ಅವರು ಬೆಳಿಗ್ಗೆ ಹೋದರು. ನಾನು ಮಧ್ಯಾಹ್ನ ಎರಡು ಗಂಟೆಯಿಂದ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಸಾದಲಿ ಕಡೆಯಿಂದ ಬಂದ ಮೂರು ಬಸ್ಸುಗಳಲ್ಲಿ ಅವರಿರಲಿಲ್ಲ. ನಾಲ್ಕನೆಯದರಿಂದ ಮೊದಲು ತರಕಾರಿ ಬುಟ್ಟಿಗಳು ಇಳಿದವು, ಆಮೇಲೆ ಒಬ್ಬ ಕಂಡಕ್ಟರ್, ಆಮೇಲೆ ಉದ್ದ ಬೆಳೆದಿದ್ದ ಆ ಹುಡುಗಿ, ಅವಳ ಹಿಂದೆ ತಾಯಿ. ಅವರ ಹಿಂದೆ ಇನ್ನು ಯಾರೂ ಇಳಿಯಲಿಲ್ಲ. ಬಸ್ಸು ಖಾಲಿಯಾಗುವ ತನಕ ನಿಂತು ನೋಡಿ, ಆಮೇಲೆ ಅವರ ಹತ್ತಿರ ಹೋದೆ.